ಏಳನೇ ಕಲ್ಲಿನಿಂದ ಎಂಟನೇ ಕಲ್ಲಿಗೆ

ಪಕ್ಕದ ಹೊಲದವರ ಮಗಳು ಒಂದು ಬೆಳಿಗ್ಗೆ ಕಾಲುವೆಯ ಏರಿಯ ಮೇಲೆ ನನ್ನನ್ನು ನಿಲ್ಲಿಸಿ, "ಕಾಕಾ, ನನಗ ಜೋರ ಓಡೂದ ಕಲಸ್ರಿ" ಎಂದಳು. ಅವಳಿಗೆ ಬೇಕಾಗಿದ್ದದ್ದು ಒಂದು ಕಾಗದ. ಇಪ್ಪತ್ತೊಂದು ಕಿಲೋಮೀಟರನ್ನು ಒಂದು ತಾಸು ನಲವತ್ತೈದು ನಿಮಿಷದೊಳಗೆ ಓಡಿ ಮುಗಿಸಿದ್ದಾಳೆ ಎಂದು ಮುದ್ರೆ ಒತ್ತಿದ ಕಾಗದ. ದೈಹಿಕ ಶಿಕ್ಷಣದ ಕೋರ್ಸಿಗೆ ಅವಳ ಅಂಕಗಳು ಸಾಲುತ್ತಿರಲಿಲ್ಲ. ಆ ಕಾಗದ ಇದ್ದರೆ ಆಟಗಾರರಿಗೆಂದು ಇಟ್ಟ ಸೀಟಿಗೆ ಅರ್ಜಿ ಹಾಕಬಹುದಿತ್ತು. ಡಿಗ್ರಿಯ ಕೊನೆಯ ವರ್ಷ ಬೇರೆ. ಮನೆಯಲ್ಲಿ ಅವಳಪ್ಪ, "ಈ ವರ್ಷ ಸಿಕ್ಕರ ಹೋಗು, ಇಲ್ಲಂದ್ರ ಮನ್ಯಾಗ ಎಮ್ಮಿ ಅದಾವು, ನೋಡ್ಕೋ" ಎಂದು ಖಡಾಖಂಡಿತವಾಗಿ ಹೇಳಿದ್ದ.

ನಾನೇನೂ ದೊಡ್ಡ ಓಟಗಾರನಲ್ಲ. ಜಮಖಂಡಿಯ ಕೋರ್ಟಿನಲ್ಲಿ ಗುಮಾಸ್ತ. ಸಾಕ್ಷಿ ಕಟಕಟೆ ಹತ್ತಿದವರಿಗೆ, ಸತ್ಯವನ್ನೇ ಹೇಳುತ್ತೇನೆ ಎಂಬ ಪ್ರಮಾಣವನ್ನು ಒಂದೊಂದೇ ಮಾತಾಗಿ ಹೇಳಿಕೊಡುವುದು ನನ್ನ ಕೆಲಸಗಳಲ್ಲಿ ಒಂದು. ಕೂತು ಕೂತು ಹೊಟ್ಟೆ ಬಂದು, ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದೀರಿ ಎಂದು ಡಾಕ್ಟರು ಹೆದರಿಸಿದ ಮೇಲೆ ಓಡಲು ಶುರುಮಾಡಿದವನು. ಎರಡು ಸಲ ಅರ್ಧ ಮ್ಯಾರಥಾನ್ ಮುಗಿಸಿದ್ದೆ, ಎರಡೂ ಸಲ ಎರಡು ತಾಸಿನ ಮೇಲೆ. ಆದರೆ ಹಿಪ್ಪರಗಿ ಕಡೆಯ ನಮ್ಮ ಊರಲ್ಲಿ ಕಬ್ಬಿನ ಟ್ರ್ಯಾಕ್ಟರಿಗೆ ದಾರಿ ಬಿಟ್ಟು ಪಕ್ಕಕ್ಕೆ ನಿಲ್ಲುವ ಓಟಗಾರ ನಾನೊಬ್ಬನೇ. ಹಾಗಾಗಿ ಗುರುವಿನ ಪಟ್ಟ ತಾನಾಗಿಯೇ ಬಂತು, ನಾನೂ ಬೇಡ ಅನ್ನಲಿಲ್ಲ.

ತೊಡಕಿದ್ದದ್ದು ಸಮಯದ್ದು. ಅವಳು ಎದ್ದು ಎಮ್ಮೆ ಹಿಂಡಿ ಹಾಲು ಕೊಟ್ಟು ಬರುವಷ್ಟರಲ್ಲಿ ಮುಂಜಾನೆ ಐದೂ ಮುಕ್ಕಾಲು. ಆರೂವರೆಗೆ ಮನೆಗೆ ಮರಳದಿದ್ದರೆ ಕಾಲೇಜಿನ ಬಸ್ಸು ತಪ್ಪುತ್ತಿತ್ತು. ವಾರದಲ್ಲಿ ಎರಡು ದಿನ ಈ ಮುಕ್ಕಾಲು ತಾಸು, ಮತ್ತೆ ಭಾನುವಾರ ಒಂದು ಉದ್ದನೆಯ ಓಟ. ಅಷ್ಟೇ. ಆ ಕಾಗದ ಸಿಗುವ ಓಟಕ್ಕೆ ಹತ್ತು ವಾರ ಉಳಿದಿತ್ತು. ನಿಧಾನವಾಗಿ ಮೈಲುಗಟ್ಟಲೆ ಓಡಿ ದಮ್ಮು ಬೆಳೆಸಿಕೊಳ್ಳುವ ಪುರುಸೊತ್ತು ನಮಗಿರಲಿಲ್ಲ. ಇಷ್ಟು ಕಡಿಮೆ ವೇಳೆಯಲ್ಲಿ ಫಲ ಕೊಡುವುದು ವೇಗದ ಅಭ್ಯಾಸ ಮಾತ್ರ ಎಂದು ನಾನು ಹಳೆಯ ಕ್ರೀಡಾ ಪತ್ರಿಕೆಯೊಂದರಲ್ಲಿ ಓದಿದ್ದೆ. ಒಂದು ಕಿಲೋಮೀಟರು ಜೋರಾಗಿ ಓಡುವುದು, ಎರಡು ನಿಮಿಷ ದಣಿವಾರಿಸಿಕೊಳ್ಳುವುದು, ಮತ್ತೆ ಓಡುವುದು. ಹೀಗೆ ಐದು ಸಲ. ಕಿಲೋಮೀಟರಿಗೆ ಐದು ನಿಮಿಷದಂತೆ ಓಡಿದರೆ ಅವಳಿಗೆ ಬೇಕಾದ ಸಮಯ ಬರುತ್ತಿತ್ತು. ಅದನ್ನು ಕೊನೆಯವರೆಗೆ ಹಿಡಿಯಬೇಕಾದರೆ ಈ ಜೋರಿನ ಓಟಗಳು ನಾಲ್ಕು ನಿಮಿಷ ನಲವತ್ತು ಸೆಕೆಂಡಿನ ಆಸುಪಾಸು ಇರಬೇಕು ಎಂದು ನಾನು ಲೆಕ್ಕ ಹಾಕಿದೆ.

ಓಡಿದ ದೂರವನ್ನೂ ಅಳೆಯುವ ಗಡಿಯಾರ ನಮ್ಮ ಬಳಿ ಇರಲಿಲ್ಲ. ಆದರೆ ಕಾಲುವೆಯ ಏರಿಯ ಮೇಲೆ ಕಿಲೋಮೀಟರಿಗೊಂದು ಕಲ್ಲು ನೆಟ್ಟಿದ್ದರು. ಏಳನೇ ಕಲ್ಲಿನಿಂದ ಎಂಟನೇ ಕಲ್ಲಿನವರೆಗಿನ ಏರಿ ನಮ್ಮ ಹೊಲಕ್ಕೆ ಹತ್ತಿಕೊಂಡೇ ಇತ್ತು, ತಗ್ಗುದಿನ್ನೆ ಇಲ್ಲದ ಗಟ್ಟಿ ನೆಲ. ಅವಳು ಓಡುವುದು, ನಾನು ಸೈಕಲ್ಲಿನ ಮೇಲೆ ಕೈಗಡಿಯಾರ ಹಿಡಿದು ಹಿಂದೆ ಹೋಗುವುದು. ಆ ಜಾಗವನ್ನು ಆರಿಸಿದವನು ನಾನೇ.

ಮೊದಲ ವಾರವೇ ಅವಳು ನಾಲ್ಕು ನಲವತ್ತರಲ್ಲಿ ಬಂದಳು. ಮೂರನೇ ವಾರ ನಾಲ್ಕು ಇಪ್ಪತ್ತು. ಐದನೇ ವಾರದ ಹೊತ್ತಿಗೆ ನಾಲ್ಕು ನಿಮಿಷ ಐದು ಸೆಕೆಂಡು. ಎಂಟನೇ ಕಲ್ಲಿನ ನೆತ್ತಿಯನ್ನು ಅಂಗೈಯಿಂದ ಬಡಿದು, ಮೊಣಕಾಲು ಹಿಡಿದು ಬಗ್ಗಿ, "ಎಷ್ಟ ಬಂತ್ರಿ ಕಾಕಾ?" ಎಂದು ಕೇಳುವಳು. ನಾನು ಹೇಳುತ್ತಿದ್ದಂತೆ ಮುಖ ಅರಳುವುದು. ನನಗಂತೂ ಜಂಬ ತಡೆಯಲಾಗುತ್ತಿರಲಿಲ್ಲ. ಅವಳ ಕಾಲೇಜಿನ ಆಟದ ಮೇಷ್ಟ್ರು ಜಮಖಂಡಿಯ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ, "ನಲವತ್ತೈದು ಬಿಡ್ರಿ ಸರ, ಒಂದು ಮೂವತ್ತೈದಕ್ಕ ಮುಗಸ್ತಾಳ" ಎಂದುಬಿಟ್ಟೆ. ಅವಳಪ್ಪನ ಎದುರಿಗೂ ಅದನ್ನೇ ಹೇಳಿದೆ. ಅವನು ಮೀಸೆಯಲ್ಲೇ ನಕ್ಕು ಒಳಗಿನಿಂದ ಒಂದು ತಂಬಿಗೆ ಮಜ್ಜಿಗೆ ತರಿಸಿದ.

ಎಡವಟ್ಟು ಕಂಡದ್ದು ಆರನೇ ಭಾನುವಾರ. ಉದ್ದನೆಯ ಓಟದ ಕೊನೆಯಲ್ಲಿ ಐದು ಕಿಲೋಮೀಟರು ಸ್ವಲ್ಪ ಜೋರಾಗಿ ಓಡು ಎಂದಿದ್ದೆ, ಹೆಚ್ಚಲ್ಲ, ಕಿಲೋಮೀಟರಿಗೆ ನಾಲ್ಕು ಐವತ್ತರಂತೆ. ನಾಲ್ಕು ಐದರಲ್ಲಿ ಹಾರುವವಳಿಗೆ ಅದು ಸಲೀಸಾಗಬೇಕಿತ್ತು. ಒಂದನೇ ಕಲ್ಲಿನಿಂದ ಶುರುಮಾಡಿದವಳು ನಾಲ್ಕನೇ ಕಲ್ಲಿಗೆ ಬರುವಷ್ಟರಲ್ಲಿ ಉಸಿರು ಕಟ್ಟಿ ನಿಂತುಬಿಟ್ಟಳು. ನೀರು ಕುಡಿಸಿ ಮನೆಗೆ ಕಳಿಸಿದೆ. ಕಲ್ಲುಗಳ ನಡುವಿನ ದೂರ ಅಳೆಯಲು ಅದೇ ದಿನ ಮಧ್ಯಾಹ್ನ ಬೈಕು ತೆಗೆದುಕೊಂಡು ಏರಿಗೆ ಹೋದೆ. ಒಂದರಿಂದ ಎರಡು, ಎರಡರಿಂದ ಮೂರು, ಮೂರರಿಂದ ನಾಲ್ಕು, ಮೀಟರಿನಲ್ಲಿ ಕರಾರುವಾಕ್ಕಾಗಿ ಒಂದೊಂದು ಕಿಲೋಮೀಟರು. ಏಳರಿಂದ ಎಂಟು ಒಂಬೈನೂರು ಮೀಟರೂ ತುಂಬಲಿಲ್ಲ. ಎಂಟರಿಂದ ಒಂಬತ್ತು ಸಾವಿರದ ನೂರು ದಾಟಿತು.

ಬೈಕು ನಿಲ್ಲಿಸಿ ಎಂಟನೇ ಕಲ್ಲಿನ ಮುಂದೆ ನಿಂತೆ. ಆಗ ನೆನಪಾಯಿತು. ಅಲ್ಲಿಯವರೆಗೆ ಪೂರ್ತಿ ಮರೆತಿದ್ದೆ ಎಂದರೆ ಸುಳ್ಳಾದೀತು. ನೆನಪು ಮಾಡಿಕೊಳ್ಳುವ ಪ್ರಸಂಗ ಬಂದಿರಲಿಲ್ಲ, ಅಷ್ಟೆ. ಆ ಕಲ್ಲನ್ನು ಕಿತ್ತು ಈಚೆ ತಂದು ನೆಟ್ಟವನು ನಾನೇ.

ಕಾಲುವೆಗೆ ನೀರು ಬಿಡುವ ಮೊದಲು ಹೂಳು ತೆಗೆಯುವುದು ನಮ್ಮಲ್ಲಿ ರೈತರದೇ ಕೆಲಸ. ಇಲಾಖೆಯವರಿಗೆ ಕಾಯುತ್ತ ಕೂತರೆ ಕಬ್ಬು ಒಣಗುತ್ತದೆ. ಹಾಗಾಗಿ ಕಲ್ಲಿನಿಂದ ಕಲ್ಲಿಗೆ ಪಾಲು ಹಾಕಿಕೊಂಡಿದ್ದೆವು. ಏಳರಿಂದ ಎಂಟರವರೆಗೆ ನಮ್ಮ ಕಡೆಯ ಆರು ಮನೆ, ಎಂಟರಿಂದ ಒಂಬತ್ತರವರೆಗೆ ಪಕ್ಕದ ಹೊಲಗಳ ಐದು ಮನೆ. ಹದಿನೈದು ವರ್ಷಗಳ ಹಿಂದೆ, ನಾನಿನ್ನೂ ಕಾಲೇಜು ಓದುತ್ತಿದ್ದಾಗ, ನಮ್ಮ ಪಾಲಿನ ತುದಿಯಲ್ಲಿ ಜಾಲಿ ಬೇರು ಹೊಕ್ಕು ಹೂಳು ಮೊಣಕಾಲುದ್ದ ನಿಂತಿತ್ತು. ಮಧ್ಯಾಹ್ನ ಎಲ್ಲರೂ ರೊಟ್ಟಿ ಗಂಟು ಬಿಚ್ಚಿ ಮರದ ಕೆಳಗೆ ಕೂತಾಗ, ನಾನೂ ನನ್ನ ಚಿಕ್ಕಪ್ಪನ ಮಗನೂ ಹಾರೆ ಹಾಕಿ ಕಲ್ಲನ್ನು ಎಬ್ಬಿಸಿ, ಉರುಳಿಸಿಕೊಂಡು ಬಂದು ನೂರಾ ಅರವತ್ತು ಹೆಜ್ಜೆ ಈಚೆ ನೆಟ್ಟೆವು. ಅದೊಂದು ಕಿಡಿಗೇಡಿತನ. ಸೊಂಟ ನೋಯುತ್ತಿತ್ತು, ಕೆಲಸ ತಪ್ಪಿತಲ್ಲ ಎಂದು ಇಬ್ಬರೂ ಬಿದ್ದು ಬಿದ್ದು ನಕ್ಕಿದ್ದೆವು. ಚಿಕ್ಕಪ್ಪನ ಮಗ ಈಗ ಇಲ್ಲ. ಈ ವಿಷಯ ತಿಳಿದವನು ನಾನೊಬ್ಬನೇ ಉಳಿದಿದ್ದೆ.

ಮರುವರ್ಷ ಪಕ್ಕದವರಿಗೆ ಅನುಮಾನ ಬಂತು. ಎಷ್ಟು ತೆಗೆದರೂ ನಮ್ಮ ಪಾಲು ಮುಗಿಯುವುದಿಲ್ಲ ಎಂದು ಜಗಳ ತೆಗೆದರು. ಮಾತಿಗೆ ಮಾತು ಬೆಳೆದು ವಿಷಯ ಬೀರೇಶ್ವರನ ಗುಡಿಗೆ ಹೋಯಿತು. ನಮ್ಮಲ್ಲಿ ಭಂಡಾರ ಹಿಡಿದು ಆಣೆ ಮಾಡಿದರೆ ಮುಗಿಯಿತು, ಆ ಮೇಲೆ ಯಾರೂ ತುಟಿ ಬಿಚ್ಚುವಂತಿಲ್ಲ. ನನ್ನ ಅಣ್ಣ ಎದ್ದು ನಿಂತು, ದೇವರ ಮುಂದಿನ ಅರಿಷಿಣದ ಭಂಡಾರವನ್ನು ಬೊಗಸೆ ತುಂಬ ತೆಗೆದುಕೊಂಡು, "ನಮ್ಮ ಮಂದಿ ಕಲ್ಲ ಮುಟ್ಟಿಲ್ಲ" ಎಂದ. ಅವನಿಗೆ ಏನೂ ಗೊತ್ತಿರಲಿಲ್ಲ. ನಮ್ಮ ಮೇಲಿನ ನಂಬಿಕೆಯಿಂದ ಆಣೆ ಮಾಡಿದ. ನಾನು ಗುಡಿಯ ಕಂಬಕ್ಕೆ ಒರಗಿ ನಿಂತು ನೋಡಿದೆ. ಅವತ್ತಿನಿಂದ ಊರಲ್ಲಿ ಅಣ್ಣನ ಮಾತಿಗೆ ತೂಕ ಬಂತು. ಯಾರದೇ ಜಗಳವಿರಲಿ, ಬಗೆಹರಿಸಲು ಅವನನ್ನೇ ಕರೆಯತೊಡಗಿದರು.

ಈಗ ಕಲ್ಲು ಸುಳ್ಳೆಂದು ಹೇಳಿದರೆ ಅಣ್ಣನ ಆಣೆ ಸುಳ್ಳಾಗುತ್ತದೆ. ಹೇಳದಿದ್ದರೆ ಈ ಹುಡುಗಿ ನಾಲ್ಕು ಐದನ್ನು ನಂಬಿಕೊಂಡು ಓಟದ ದಿನ ಕುದುರೆಯಂತೆ ನುಗ್ಗಿ ಹತ್ತನೇ ಕಿಲೋಮೀಟರಿಗೆ ಕುಸಿಯುತ್ತಾಳೆ. ಓಟಕ್ಕೆ ನಾಲ್ಕು ವಾರ ಉಳಿದಿತ್ತು. ನಾನು ಗುಮಾಸ್ತನ ಬುದ್ಧಿ ಉಪಯೋಗಿಸಿದೆ. ಯಾರಿಗೂ ಏನೂ ಹೇಳದೆ ಜಾಗ ಬದಲಿಸಿದೆ.

"ಇನ್ನ ಮೂರರಿಂದ ನಾಕನೇ ಕಲ್ಲಿಗೆ ಓಡೋಣ. ಅಲ್ಲಿ ನೆಳ್ಳ ಐತಿ" ಎಂದೆ.

ಮೊದಲ ಓಟಕ್ಕೇ ನಾಲ್ಕು ನಲವತ್ತೆರಡು ಬಂತು. ಗಡಿಯಾರ ತೋರಿಸಿ ಎಂದು ಹಟ ಹಿಡಿದಳು. ಎರಡನೆಯದು ನಾಲ್ಕು ನಲವತ್ತು. ಮೂರನೆಯದರಲ್ಲಿ ಹಲ್ಲು ಕಚ್ಚಿ ಓಡಿದಳು, ನಾಲ್ಕು ಮೂವತ್ತೆಂಟು. ಅವಳ ಮುಖ ಸಪ್ಪಗಾಯಿತು. ನನಗೆ ಗೊತ್ತಿತ್ತು, ಅದು ಅವಳಿಗೆ ಬೇಕಾಗಿದ್ದ ವೇಗವೇ. ಹತ್ತು ವಾರದ ಗುರಿಯನ್ನು ಆರೇ ವಾರದಲ್ಲಿ ಮುಟ್ಟಿದ್ದಳು. ಹೊತ್ತುಕೊಂಡು ಕುಣಿಯಬೇಕಾದ ದಿನ ಅದು. ಆದರೆ ಅವಳ ತಲೆಯಲ್ಲಿ ನಾಲ್ಕು ಐದು ಕೂತಿತ್ತು.

"ಹಿಂಗ್ಯಾಕ ಆತ್ರಿ ಕಾಕಾ? ಮೂವತ್ತೈದ ಸೆಕೆಂಡ ಎಲ್ಲಿ ಹೋದುವ್ರಿ?"

"ಗಾಳಿ ಎದುರಿಗಿ ಐತಿ" ಎಂದೆ.

"ಹೊಳ್ಳಿ ಬರಾಗೂ ಎದುರಿಗೇ ಇರತೈತೇನ್ರಿ?"

ಮೈಯಲ್ಲಿ ದಣಿವಿದೆ, ನಿದ್ದೆ ಸಾಲದು, ಇದೆಲ್ಲ ಸಹಜ ಎಂದು ಏನೇನೋ ಒದರಿದೆ. ಎರಡು ದಿನ ಬಿಟ್ಟು ಮತ್ತೆ ಓಡಿಸಿದೆ, ಮತ್ತೆ ನಾಲ್ಕು ನಲವತ್ತು. ಆಗ ಅವಳು ನನ್ನ ಕಡೆ ನೋಡುವುದನ್ನೇ ಬಿಟ್ಟಳು. ನನಗಾಗ ತಿಳಿಯದ ಸಂಗತಿ ಇನ್ನೊಂದಿತ್ತು. ಅವಳು ಕಾಲೇಜಿನಿಂದ ಬಂದು ಸಂಜೆ ಹೊತ್ತು ಡಾಂಬರು ರಸ್ತೆಯ ಮೇಲೆ ಒಬ್ಬಳೇ ಓಡುತ್ತಿದ್ದಳು. ಕಳೆದುಹೋದ ಮೂವತ್ತೈದು ಸೆಕೆಂಡುಗಳನ್ನು ಹುಡುಕಿಕೊಂಡು, ಒಂದು ದಿನವೂ ಬಿಡದೆ.

ಆ ದಿನಗಳಲ್ಲಿ ಕೋರ್ಟಿನಲ್ಲಿ ಪ್ರಮಾಣ ಹೇಳಿಕೊಡುವಾಗ ನನ್ನ ನಾಲಿಗೆ ತಡವರಿಸುತ್ತಿತ್ತು. ಒಬ್ಬ ಮುದುಕ ಸಾಕ್ಷಿ, "ಸಾವಕಾಶ ಹೇಳ್ರಿ ಸಾಹೇಬ್ರ, ನನಗೇನ ಗಡಿಬಿಡಿ ಇಲ್ಲ" ಎಂದು ನಕ್ಕ. ನನಗೆ ನಗು ಬರಲಿಲ್ಲ. ಅಣ್ಣನ ಮರ್ಯಾದೆ ಕಾಯಬೇಕು, ಅದಕ್ಕೇ ಸುಮ್ಮನಿದ್ದೇನೆ ಎಂದು ನನಗೆ ನಾನೇ ದಿನಕ್ಕೆ ಹತ್ತು ಸಲ ಹೇಳಿಕೊಳ್ಳುತ್ತಿದ್ದೆ.

ಹನ್ನೊಂದನೇ ದಿನ ಅವಳು ಕುಂಟುತ್ತ ಬಂದಳು. ಎಡಗಾಲಿನ ಮೊಣಕಾಲಿನ ಕೆಳಗೆ, ಎಲುಬಿನ ಮೇಲೆ ಬೆರಳಿಟ್ಟರೆ ಚೀರುವಷ್ಟು ನೋವು. ಆಗಲೇ ಸಂಜೆಯ ಓಟದ ಸಂಗತಿ ಹೊರಬಿತ್ತು. ಬೈದೆ. ಯಾವ ಮುಖ ಇಟ್ಟುಕೊಂಡು ಬೈದೆನೋ ಗೊತ್ತಿಲ್ಲ. ಅವಳು ಏರಿಯ ಮೇಲೆ ಕೂತು ಬೂಟಿನ ದಾರ ಬಿಚ್ಚಿದಳು.

"ನನ್ನ ಕಾಲಾಗ ಅದ ಇಲ್ರಿ ಕಾಕಾ. ಮೊದಲ ಬಂದದ್ದು ಹೆಂಗೋ ಬಂತು. ನಾ ಓಟಕ್ಕ ಬರಂಗಿಲ್ಲ. ನಮ್ಮಪ್ಪಗ ನೀವ ಹೇಳ್ರಿ" ಎಂದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಹಗುರಾಗುತ್ತಿತ್ತೇನೋ.

ನಾನು ನೇರವಾಗಿ ಅಣ್ಣನ ಮನೆಗೆ ಹೋದೆ. ಅವನು ಕೊಟ್ಟಿಗೆಯ ಮುಂದೆ ಹಗ್ಗ ಹೊಸೆಯುತ್ತಿದ್ದ. ಹಣೆಯ ಮೇಲೆ ಬೆಳಗಿನ ಭಂಡಾರ ಇನ್ನೂ ಹಸಿಯಾಗಿತ್ತು. ನಿಂತ ನಿಲುವಿನಲ್ಲೇ ಎಲ್ಲ ಹೇಳಿದೆ, ಹಾರೆ, ನೂರಾ ಅರವತ್ತು ಹೆಜ್ಜೆ, ಕಂಬಕ್ಕೆ ಒರಗಿ ನಿಂತದ್ದು, ಈ ಹುಡುಗಿಯ ಕಾಲು. ಅವನ ಕೈ ನಿಂತಿತು. ಹೊಡೆಯುತ್ತಾನೆ ಎಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. ಹೆಗಲ ಮೇಲಿನ ಟವೆಲು ತೆಗೆದು ಹಣೆಯ ಭಂಡಾರವನ್ನು ಒರೆಸಿಕೊಂಡ.

"ಎಷ್ಟ ದಿನದಿಂದ ಆ ಹುಡುಗೀನ ಹಿಂಗ ಓಡಸಾಕತ್ತಿ?"

"ಹನ್ನೊಂದ ದಿನ."

"ಯಾಕ ಲೇ?"

"ನಿನ್ನ ಆಣಿ..."

"ನನ್ನ ಆಣಿ ನಾ ನೋಡ್ಕೋತೇನಿ" ಎಂದ. "ಅದನ್ನ ಹೊದ್ದುಕೊಂಡ ನೀ ಮಲಗಬ್ಯಾಡ. ಮೊದಲ ಅಕಿಗಿ ಹೋಗಿ ಹೇಳು."

ಆ ಮಾತು ಮುಖಕ್ಕೆ ಬಡಿದ ಹಾಗಾಯಿತು. ಅಣ್ಣನ ಮರ್ಯಾದೆಗೆ ನಾನು ಹೆದರಿರಲೇ ಇಲ್ಲ. ನನ್ನ ಮರ್ಯಾದೆಗೆ ಹೆದರಿದ್ದೆ. ಕೋರ್ಟಿನ ಗುಮಾಸ್ತ, ಊರಿನ ಓಟದ ಗುರು, ಅವನೇ ಕಲ್ಲು ಕಿತ್ತವನು ಎನ್ನಿಸಿಕೊಳ್ಳುವುದು ಬೇಕಿರಲಿಲ್ಲ.

ಅವಳನ್ನು ಎಂಟನೇ ಕಲ್ಲಿನ ಹತ್ತಿರವೇ ಕರೆದುಕೊಂಡು ಹೋದೆ. ಅಲ್ಲಿಂದ ನೂರಾ ಅರವತ್ತು ಹೆಜ್ಜೆ ಎಣಿಸುತ್ತ ನಡೆದು, ಕಲ್ಲಿರಬೇಕಾಗಿದ್ದ ಜಾಗದಲ್ಲಿ ನಿಂತು ಹೇಳಿದೆ. ನೀನು ಒಂದು ದಿನವೂ ನಿಧಾನವಾಗಿಲ್ಲ, ನಿನ್ನ ನಾಲ್ಕು ನಲವತ್ತೇ ಖರೆ, ನಾಲ್ಕು ಐದು ನನ್ನ ಸುಳ್ಳು ಎಂದೆ. ಅವಳು ನಾನು ನಡೆದು ಬಂದ ದಾರಿಯನ್ನು ನೋಡಿದಳು.

"ಈ ತುಂಡಿನ ಮಣ್ಣ ನಾನೂ ಹೊತ್ತೇನ್ರಿ" ಎಂದಳು. "ಸಾಲಿ ಸೂಟಿ ಇದ್ದಾಗ, ಬುಟ್ಟ್ಯಾಗ. ನಮ್ಮ ಪಾಲ ಯಾಕ ಮುಗಿಯೂದಿಲ್ಲಪ್ಪಾ ಅಂತ ಕೇಳಿದ್ರ ನಮ್ಮಪ್ಪ ನಮಗ ಕೆಲಸದ ಹದ ಗೊತ್ತಿಲ್ಲ ಅಂತಿದ್ದ."

ಆಮೇಲೆ ಅವಳು ಕೇಳಿದ್ದು ಒಂದೇ. "ಐದರ ಲೆಕ್ಕದಾಗ ಓಡಿದ್ರ ಆಗತೈತೇನ್ರಿ? ಈ ಸಲ ಖರೇ ಹೇಳ್ರಿ."

"ಆಗತೈತಿ" ಎಂದೆ. ಕಾಲು ನೆಟ್ಟಗಿದ್ದರೆ ಖಂಡಿತ ಆಗುತ್ತಿತ್ತು. ಅವಳಪ್ಪನಿಗೆ ಓಟ ಮುಗಿಯುವವರೆಗೆ ಹೇಳುವುದು ಬೇಡ, ತಲೆ ಕೆಡಿಸಿಕೊಳ್ಳುತ್ತಾನೆ ಎಂದು ಅವಳೇ ತಡೆದಳು.

ಉಳಿದದ್ದು ಎರಡೂವರೆ ವಾರ. ಅದರಲ್ಲಿ ಹತ್ತು ದಿನ ಓಟವೇ ಇಲ್ಲ. ಕಾಲಿಗೆ ಬಿಸಿನೀರು, ಎಣ್ಣೆ, ವಿಶ್ರಾಂತಿ. ವೇಗದ ಅಭ್ಯಾಸಕ್ಕೆ ಅತ್ಯಂತ ಬೆಲೆಯಿದ್ದ ವಾರಗಳು ಹೀಗೆ ಹೋದವು. ಕೊನೆಯಲ್ಲಿ ಎರಡು ಸಲ ಸಣ್ಣಗೆ ಓಡಿಸಿದೆ, ನೋವು ಇಲ್ಲ ಎಂದಳು. ಇಲ್ಲ ಎನ್ನುವಾಗ ಅವಳು ನೆಲ ನೋಡುತ್ತಿದ್ದಳು.

ಓಟ ಇದ್ದದ್ದು ಪಕ್ಕದ ಜಿಲ್ಲೆಯ ಊರಿನಲ್ಲಿ, ಚಳಿಗಾಲದ ಒಂದು ಭಾನುವಾರ ಬೆಳಿಗ್ಗೆ. ನಾನೂ ಹೆಸರು ಕೊಟ್ಟಿದ್ದೆ, ಆದರೆ ಓಡಲಿಲ್ಲ. ಬಾಡಿಗೆ ಸೈಕಲ್ಲು ಹಿಡಿದು ಸಂದಿಗಳಲ್ಲಿ ನುಗ್ಗಿ ಅಲ್ಲಲ್ಲಿ ನಿಂತು ನೋಡಿದೆ. ಐದನೇ ಕಿಲೋಮೀಟರಿನಲ್ಲಿ ಇಪ್ಪತ್ತೈದು ನಿಮಿಷಕ್ಕೆ ಒಂದು ಸೆಕೆಂಡು ಕಡಿಮೆ. ಹತ್ತರಲ್ಲಿ ಐವತ್ತು, ಸರಿಯಾಗಿ. ಹದಿನೈದರಲ್ಲಿಯೂ ಲೆಕ್ಕ ತಪ್ಪಿರಲಿಲ್ಲ. ಜನ ನುಗ್ಗಿ ಮುಂದೆ ಹೋಗುತ್ತಿದ್ದರೂ ಅವಳು ಜಗ್ಗದೆ ತನ್ನ ಐದರಲ್ಲೇ ಇದ್ದಳು. ಹದಿನೆಂಟನೇ ಕಿಲೋಮೀಟರಿನ ಹತ್ತಿರ ಎಡಗಾಲು ಹೊರಕ್ಕೆ ತಿರುಗತೊಡಗಿದ್ದು ಕಂಡೆ. ಅವಳು ತುಟಿ ಕಚ್ಚಿದ್ದಳು. "ಬಿಡಬ್ಯಾಡ, ಇನ್ನ ಮೂರ ಕಲ್ಲ!" ಎಂದು ಕೂಗಿದೆ. ಕಲ್ಲು ಎಂಬ ಮಾತು ಯಾಕೆ ಬಂತೋ.

ಕೊನೆಯ ತಿರುವಿನಲ್ಲಿ ಅವಳು ಕಾಣಿಸಿದಾಗ ದೊಡ್ಡ ಗಡಿಯಾರ ಒಂದು ನಲವತ್ತನಾಲ್ಕು ಮೂವತ್ತು ತೋರಿಸುತ್ತಿತ್ತು. ಗೆರೆ ಎದುರಿಗೇ ಇತ್ತು. ಅವಳು ಓಡುತ್ತಿದ್ದಳು, ಆದರೆ ಒಂದು ಕಾಲನ್ನು ಎಳೆಯುತ್ತಿದ್ದಳು. ನಲವತ್ತೈದು ಆಯಿತು. ಗಡಿಯಾರದ ಅಂಕಿಗಳು ತಿರುಗುತ್ತಲೇ ಇದ್ದವು. ಗೆರೆ ದಾಟಿದಾಗ ಒಂದು ತಾಸು ನಲವತ್ತೈದು ನಿಮಿಷ ಮೂವತ್ತೇಳು ಸೆಕೆಂಡು.

ಲೆಕ್ಕ ಹಾಕಬಾರದು ಎಂದುಕೊಂಡೆ. ಹಾಕಿದೆ. ಅವಳ ಓಟದಲ್ಲಿ ಮೂವತ್ತೇಳು ಸೆಕೆಂಡು ಎಂದರೆ ನೂರಿಪ್ಪತ್ತು ಮೀಟರು ಚಿಲ್ಲರೆ. ನನ್ನ ನೂರಾ ಅರವತ್ತು ಹೆಜ್ಜೆ.

ಮರುವಾರ ಗುಡಿಯಲ್ಲಿ ಜನ ಸೇರಿಸಿದವನು ಅಣ್ಣನೇ. ಎಲ್ಲರಿಗಿಂತ ಮೊದಲು ಎದ್ದು, "ನಾ ಮಾಡಿದ ಆಣಿ ಸುಳ್ಳ ಆಗೇತಿ. ಇನ್ನ ನನ್ನ ನ್ಯಾಯಕ್ಕ ಕರೀಬ್ಯಾಡ್ರಿ" ಎಂದು ಹೇಳಿ ಕೂತ. ಆಮೇಲೆ ನಾನು ಭಂಡಾರ ಹಿಡಿದು ನಿಂತೆ. ಸಾವಿರ ಜನರಿಗೆ ಪ್ರಮಾಣ ಹೇಳಿಕೊಟ್ಟ ನನಗೆ ಹೇಳಿಕೊಡುವವರು ಯಾರೂ ಇರಲಿಲ್ಲ. ಭಂಡಾರ ಬೆರಳ ಸಂದಿಯಿಂದ ಉದುರುತ್ತಿತ್ತು. ಕಲ್ಲು ಕಿತ್ತದ್ದು, ಹದಿನೈದು ವರ್ಷ ಸುಮ್ಮನಿದ್ದದ್ದು, ಹುಡುಗಿಯಿಂದ ಹನ್ನೊಂದು ದಿನ ಮುಚ್ಚಿಟ್ಟದ್ದು, ಎಲ್ಲ ಹೇಳಿದೆ. ಪಕ್ಕದವರು ಇಷ್ಟು ವರ್ಷ ತೆಗೆದ ಹೂಳಿಗೆ ಬದಲಾಗಿ ಇನ್ನು ಹದಿನೈದು ವರ್ಷ ಆ ತುಂಡಿನ ಹೂಳನ್ನು ನಾನೇ ತೆಗೆಯುತ್ತೇನೆ, ಕಲ್ಲನ್ನು ನಾಳೆಯೇ ಅದರ ಜಾಗದಲ್ಲಿ ನೆಡುತ್ತೇನೆ ಎಂದೆ.

ಯಾರೋ ಗೊಣಗಿದರು, ಯಾರೋ ಬೈದರು. ಹುಡುಗಿಯ ಅಪ್ಪ ಗೋಡೆಯ ಬದಿಗೆ ಕೂತಿದ್ದ. ಅವನು ಕೈಯೆತ್ತಿದ್ದೇ ಎಲ್ಲರೂ ಸುಮ್ಮನಾದರು. ಮಜ್ಜಿಗೆ ಕೊಟ್ಟ ದಿನದ ಹಾಗೆಯೇ ಮೆತ್ತಗಿನ ದನಿ.

"ಹದಿನೈದ ವರ್ಷದ ಮಣ್ಣಿನ ಮಾತ ಬಿಡ್ರಿ. ಆಗ ನೀವೂ ಹುಡುಗರ ಇದ್ರಿ. ಮಣ್ಣ ಹೊತ್ತು ನಾ ಏನೂ ಸತ್ತಿಲ್ಲ" ಎಂದ. ನನ್ನ ಕೈಯಲ್ಲಿದ್ದ ಭಂಡಾರದ ಕಡೆ ನೋಡಿದ. "ಆದರ ನನ್ನ ಮಗಳು ದಿನಾ ಸಂಜೀಕ ಕುಂಟಗೋತ ಬಂದು, ನನ್ನ ಕಾಲಾಗ ಏನೋ ಕೆಟ್ಟೈತಿ ಅಪ್ಪಾ ಅಂತಿದ್ಲಲ್ರಿ. ಆ ಹನ್ನೊಂದ ದಿನ ಯಾಕ ಸುಮ್ಮಕ ಕುಂತ್ರಿ?"

ಭಂಡಾರ ಹಿಡಿದು ನಿಂತವನು ಯಾರು ಏನು ಕೇಳಿದರೂ ಉತ್ತರ ಕೊಡಲೇಬೇಕು, ಅದು ಗುಡಿಯ ಕಟ್ಟಳೆ. ಭಂಡಾರ ಅಂಗೈಯಲ್ಲಿ ಬೆವರಿಗೆ ಅಂಟಿಕೊಂಡಿತ್ತು. ಹುಡುಗಿ ಬಾಗಿಲ ಹೊರಗೆ, ಎಡಗಾಲನ್ನು ಚಾಚಿ, ಕಟ್ಟೆಯ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದಳು.

"ನನ್ನ ಮರ್ಯಾದಿ ಉಳಸ್ಕೊಳ್ಳಾಕ" ಎಂದೆ.